ಕ್ಯಾಮೊಮೈಲ್ ಪುಡಿ ಕಹಿ ಆಗದ ಹಾಗೆ ಮಾಡುವುದು ಹೇಗೆ?

ಕಿಟಕಿ ಪಕ್ಕ (ಬೆಂಗಳೂರು):
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ. ಸಂಜೆ ಏಳು ಗಂಟೆಗೆ ಒಂದು ಲೋಟ ಕಾಫಿ ಕುಡಿಯುವುದು ಅವರ ಅಭ್ಯಾಸ. ಅದನ್ನು ಬಿಡಿಸಬೇಕು, ಆದರೆ ಆ ಹೊತ್ತಿಗೆ ಕೈಯಲ್ಲಿ ಬಿಸಿ ಲೋಟ ಇರಲೇಬೇಕು ಅಂತಾರೆ. ಗೆಳತಿಯ ಮನೆಯಲ್ಲಿ ಒಮ್ಮೆ ಕ್ಯಾಮೊಮೈಲ್ (ಸೇವಂತಿಗೆಯಂಥ ಪುಟ್ಟ ಬಿಳಿ ಹೂವು) ಕಷಾಯ ಕುಡಿದಿದ್ದೆ, ಇಡೀ ಹೂವು ಹಾಕಿ ಮಾಡಿದ್ದು, ಸೇಬು ಹೆಚ್ಚಿದಾಗ ಬರುವಂಥ ಪರಿಮಳ ಇತ್ತು. ಅದೇ ನೆನಪಿನಲ್ಲಿ ಎರಡು ಪೊಟ್ಟಣ ತರಿಸಿದೆ. ಎರಡೂ ಪುಡಿ. ಒಂದರಲ್ಲಿ ಕ್ಯಾಮೊಮೈಲ್ ಜೊತೆ ತುಳಸಿ, ಮಜ್ಜಿಗೆಹುಲ್ಲು, ಜೇಷ್ಠಮಧು ಇದೆ. ಇನ್ನೊಂದು ನೀರಿಗೆ ಹಾಕಿದರೆ ಪೂರ್ತಿ ಕರಗುತ್ತದೆ.

ಮೊದಲನೆಯದನ್ನು ನಮ್ಮ ಮನೆ ಕಷಾಯದ ಹಾಗೇ ಮಾಡಿದೆ. ಎರಡು ಲೋಟ ನೀರಿಗೆ ಎರಡು ದೊಡ್ಡ ಚಮಚ ಪುಡಿ, ಐದು ನಿಮಿಷ ಕುದಿಸಿ ಟೀ ಜರಡಿಯಲ್ಲಿ ಸೋಸಿದೆ. ಕಹಿ ಅಂದರೆ ಕಹಿ. ಒಣಹುಲ್ಲಿನ ವಾಸನೆ, ಕೊನೆಗೆ ಗಂಟಲಲ್ಲಿ ಕರಕರ. ಅಮ್ಮ ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟರು. ಎರಡನೆಯದು ಸಕ್ಕರೆ ನೀರಿನ ಹಾಗಿದೆ, ಹೂವಿನ ಸುಳಿವೇ ಇಲ್ಲ. ತಪ್ಪು ಪುಡಿಯದ್ದೋ ನಾನು ಮಾಡಿದ ರೀತಿಯದ್ದೋ? ಮನೆಯಲ್ಲಿ ಮಾಡಿ ಗೊತ್ತಿರುವವರು ಹೇಳಿ.

ಮಚ್ಚಿ ಮನೆ:
ಕುದಿಸಬೇಡಿ. ಅರ್ಧ ಸಮಸ್ಯೆ ಅಲ್ಲೇ ಇದೆ.

ಕ್ಯಾಮೊಮೈಲ್ ಹೂವಿನ ಪರಿಮಳ ಅದರೊಳಗಿನ ಎಣ್ಣೆಯಲ್ಲಿದೆ, ಆ ಎಣ್ಣೆ ಆವಿಯ ಜೊತೆ ಹಾರಿಹೋಗುತ್ತದೆ. ಐದು ನಿಮಿಷ ಬಾಯಿ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಘಮ ಎಲ್ಲ ಅಡುಗೆಮನೆಗೆ, ಕಹಿ ಒಗರು ಮಾತ್ರ ಲೋಟಕ್ಕೆ. ಇಡೀ ಹೂವಾದರೆ ಸ್ವಲ್ಪ ತಡೆದುಕೊಳ್ಳುತ್ತದೆ. ಪುಡಿಯಲ್ಲಿ ಎಲ್ಲವೂ ಒಡೆದು ಬಿಟ್ಟಿರುತ್ತದೆ, ನೀರು ಒಂದೇ ಸಲಕ್ಕೆ ಎಲ್ಲ ಕಡೆ ಮುಟ್ಟುತ್ತದೆ. ಹೂವಿಗೆ ಐದರಿಂದ ಹತ್ತು ನಿಮಿಷ ಬೇಕಾದರೆ ಪುಡಿಗೆ ಎರಡು, ಹೆಚ್ಚೆಂದರೆ ಮೂರು ನಿಮಿಷ ಸಾಕು. ಒಲೆ ಆರಿಸಿ, ನೀರಿಗೆ ಪುಡಿ ಹಾಕಿ, ತಟ್ಟೆ ಮುಚ್ಚಿ. ಅಷ್ಟೇ. ಅಳತೆಯೂ ಜಾಸ್ತಿ ಆಗಿದೆ, ಒಂದು ಲೋಟಕ್ಕೆ ಒಂದು ಮಟ್ಟ ಟೀ ಚಮಚದಿಂದ ಶುರು ಮಾಡಿ.

ಹಳ್ಳದ ದಂಡೆ (ಶಿರಸಿ):
ಮೇಲಿನವರು ಹೇಳಿದ್ದು ಸರಿ, ಆದರೆ ಕಷಾಯದ ಅಭ್ಯಾಸ ಇರುವವರು ಯಾಕೆ ಕುದಿಸುತ್ತಾರೆ ಅನ್ನುವುದನ್ನೂ ಹೇಳಬೇಕು, ಯಾಕೆಂದರೆ ನಾನೂ ಮೊದಲು ಹಾಗೇ ಮಾಡಿದ್ದೆ. ನಮ್ಮ ಕಡೆ ಕಷಾಯದ ಪುಡಿಗೆ ಕೊತ್ತಂಬರಿ ಬೀಜ, ಜೀರಿಗೆ, ಸ್ವಲ್ಪ ಮೆಂತ್ಯ, ಕಾಳುಮೆಣಸು, ಶುಂಠಿ ಹಾಕುತ್ತೇವೆ. ಎಲ್ಲ ಗಟ್ಟಿ ಬೀಜ, ಬೇರು. ಹುರಿದು ಪುಡಿ ಮಾಡಿದ ಮೇಲೂ ಅವು ಸುಲಭಕ್ಕೆ ರಸ ಬಿಡುವುದಿಲ್ಲ, ಕುದಿಸಿದರೇ ಸರಿ. ಬೆಲ್ಲ, ಹಾಲು ಹಾಕಿ ಇನ್ನೊಂದು ಕುದಿ ಬಂದರೂ ಏನೂ ಆಗುವುದಿಲ್ಲ. ಹೂವು ಹಾಗಲ್ಲ. ಮಲ್ಲಿಗೆ ಕುದಿಸಿದರೆ ಏನಾಗುತ್ತದೆ ಅಂತ ಯೋಚಿಸಿ ನೋಡಿ.

ಹಾಗಾಗಿ ಎರಡನ್ನೂ ಸೇರಿಸಬೇಕು ಅನ್ನುವವರಿಗೆ ನನ್ನ ಸಲಹೆ: ಗಟ್ಟಿ ಸಾಮಾನು ಮೊದಲು ಕುದಿಸಿ, ಒಲೆ ಆರಿಸಿದ ಮೇಲೆ ಹೂವಿನ ಪುಡಿ ಹಾಕಿ. ಅಂಗಡಿಯ ಮಿಶ್ರಣದಲ್ಲಿ ತೊಂದರೆ ಇರುವುದೇ ಇಲ್ಲಿ. ಜೇಷ್ಠಮಧು ಬೇರು ಕುದಿ ಕೇಳುತ್ತದೆ, ಹೂವು ಬೇಡ ಅನ್ನುತ್ತದೆ, ಎರಡನ್ನೂ ಒಟ್ಟಿಗೆ ಪುಡಿ ಮಾಡಿ ಒಂದೇ ಚೀಲಕ್ಕೆ ತುಂಬಿದರೆ ಯಾವುದೋ ಒಂದಕ್ಕೆ ಅನ್ಯಾಯ ಆಗಲೇಬೇಕು.

ಕಿಟಕಿ ಪಕ್ಕ:
ಮಲ್ಲಿಗೆ ಮಾತು ಒಂದೇ ಸಲಕ್ಕೆ ಅರ್ಥವಾಯಿತು. ಇವತ್ತೇ ಒಲೆ ಆರಿಸಿ ಮಾಡಿದೆ, ಎರಡೂವರೆ ನಿಮಿಷ, ತಟ್ಟೆ ಮುಚ್ಚಿ. ಕಹಿ ಮುಕ್ಕಾಲು ಪಾಲು ಹೋಯಿತು! ಆದರೆ ಕರಕರ ಹಾಗೇ ಇದೆ. ಜರಡಿಯಲ್ಲಿ ಪುಡಿ ದಾಟಿಹೋಗುತ್ತದೆ, ಲೋಟದ ತಳದಲ್ಲಿ ಬೆರಳಿನಷ್ಟು ಚರಟ. ಕೊನೆಯ ಗುಟುಕು ಕುಡಿಯುವ ಹೊತ್ತಿಗೆ ಮತ್ತೆ ಕಹಿ.

ಹಿತ್ತಾಳೆ ಫಿಲ್ಟರ್:
ಚರಟ ತಳದಲ್ಲಿ ಕೂತಿದ್ದಷ್ಟು ಹೊತ್ತೂ ರಸ ಬಿಡುತ್ತಲೇ ಇರುತ್ತದೆ, ಅದಕ್ಕೇ ಕೊನೆ ಗುಟುಕು ಕಹಿ. ಸೋಸುವುದು ಸರಿಯಾದರೆ ಅದೂ ಹೋಗುತ್ತದೆ.

ನಾನು ಮಾಡುವುದು ಹೀಗೆ. ಹಳೆಯ ಮೆತ್ತನೆ ಹತ್ತಿ ಪಂಚೆಯ ತುಂಡು, ಚೆನ್ನಾಗಿ ಒಗೆದು ಸೋಪಿನ ವಾಸನೆ ಪೂರ್ತಿ ಹೋಗಿರಬೇಕು, ಎರಡು ಮಡಿಕೆ ಮಾಡಿ ಜರಡಿ ಮೇಲೆ ಹಾಕುತ್ತೇನೆ. ಮೊದಲು ಬಿಸಿನೀರಲ್ಲಿ ಬಟ್ಟೆ ಒದ್ದೆ ಮಾಡಿಕೊಳ್ಳಿ, ಇಲ್ಲದಿದ್ದರೆ ಬಟ್ಟೆಯೇ ಅರ್ಧ ಕುಡಿಯುತ್ತದೆ. ಸೋಸುವಾಗ ಹಿಂಡಬೇಡಿ. ಹಿಂಡಿದರೆ ನುಣ್ಣನೆ ಧೂಳು, ಒಗರು ಎರಡೂ ಇಳಿಯುತ್ತವೆ. ಎರಡು ಚಮಚ ಕಷಾಯ ಬಟ್ಟೆಯಲ್ಲೇ ಉಳಿದರೆ ಉಳಿಯಲಿ.

ಇನ್ನೊಂದು ಪ್ರಯೋಗ ಮಾಡಿದ್ದೆ, ನಮ್ಮ ಮನೆ ಕಾಫಿ ಫಿಲ್ಟರಿನಲ್ಲಿ. ನುಣ್ಣನೆ ಪುಡಿ ಹಾಕಿದಾಗ ತೂತು ಕಟ್ಟಿಕೊಂಡು ಒಂದು ಹನಿಯೂ ಇಳಿಯಲಿಲ್ಲ. ಇಡೀ ಹೂವು ತಂದು ಮಿಕ್ಸಿಯಲ್ಲಿ ಎರಡೇ ಸುತ್ತು ತಿರುಗಿಸಿ ದಪ್ಪ ರವೆ ಹದಕ್ಕೆ ಮಾಡಿಕೊಂಡು ಹಾಕಿದಾಗ ಚೆನ್ನಾಗಿ ಬಂತು, ಮುಚ್ಚಳ ಇರುವುದರಿಂದ ಘಮವೂ ಉಳಿಯಿತು. ಇಳಿಯಲು ಹೊತ್ತು ಬೇಕು, ಲೋಟ ಆರುತ್ತದೆ. ಹಾಗಾಗಿ ಕೆಳಗಿನ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟುಕೊಳ್ಳಿ. ಕಾಫಿಗೆ ಬಳಸುವ ಫಿಲ್ಟರ್ ಬೇಡ, ಅದರ ಮೈಗೆ ಹತ್ತಿದ ಕಾಫಿ ವಾಸನೆ ಹೂವನ್ನು ನುಂಗಿಬಿಡುತ್ತದೆ. ಬೇರೆಯದೇ ಒಂದು ಇಟ್ಟುಕೊಳ್ಳಿ.

ಒಬ್ಬ ಓದುಗ:
ರವೆ ಹದ ಅಂದಿರಲ್ಲ, ಅದೇ ಸರಿಯಾದ ಮಾತು. ಪುಡಿ ಅಂದರೆ ಕುಂಕುಮದ ಹಾಗೆ ಇರಬೇಕಾಗಿಲ್ಲ.

ರೈನ್ ದಂಡೆ (ಜರ್ಮನಿ):
ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಮೂಲ ದಾವಣಗೆರೆ. ಇಲ್ಲಿ ಕ್ಯಾಮೊಮೈಲ್ ಅಂದರೆ ನಮ್ಮ ಮನೆಯ ಜೀರಿಗೆ ಕಷಾಯ ಇದ್ದ ಹಾಗೆ. ಹೊಟ್ಟೆನೋವು, ಶೀತ, ಬಾಯಿಹುಣ್ಣು, ಯಾವುದಕ್ಕೂ ಮೊದಲು ಅದೇ. ಕಾಮಿಲೆ ಅನ್ನುತ್ತಾರೆ. ಮಗನಿಗೆ ಹೊಟ್ಟೆ ಕೆಟ್ಟಾಗ ಪಕ್ಕದ ಮನೆಯ ಅಜ್ಜಿ ಕೇಳಿದ ಮೊದಲ ಪ್ರಶ್ನೆಯೇ ಕಾಮಿಲೆ ಕೊಟ್ಟಿರಾ ಅಂತ.

ಇಲ್ಲಿ ಔಷಧಿ ಅಂಗಡಿಯಲ್ಲಿ ಸಿಗುವ ಪೊಟ್ಟಣದ ಮೇಲೆ ಮಾಡುವ ಕ್ರಮ ಬರೆದಿರುತ್ತದೆ. ಹಳೆಯ ಲೆಕ್ಕ: ಸುಮಾರು 3 ಗ್ರಾಂ ಹೂವು, 150 ಮಿಲಿ ಕುದಿಯುವ ನೀರು, ಮುಚ್ಚಿ 5ರಿಂದ 10 ನಿಮಿಷ, ಆಮೇಲೆ ಸೋಸುವುದು. ಇದು ಹೂವಿಗೆ. ಮುಚ್ಚುವುದು ಅನ್ನುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಟ್ಟೆ ಎತ್ತಿದಾಗ ಅದರ ಒಳಗಡೆ ಹನಿಗಳು ಕೂತಿರುತ್ತವಲ್ಲ, ಅವುಗಳಲ್ಲೇ ಪರಿಮಳ ಇರುವುದು. ಅವನ್ನು ಸಿಂಕಿಗೆ ಝಾಡಿಸಬೇಡಿ, ಲೋಟಕ್ಕೇ ಬಗ್ಗಿಸಿ. ಒಮ್ಮೆ ಆ ಹನಿಯನ್ನು ಮೂಸಿ ನೋಡಿ, ನಂತರ ನೀವೇ ಬಿಡುವುದಿಲ್ಲ.

ಸೇಬಿನ ವಾಸನೆ ಅಂದಿರಿ. ಹೆಸರೇ ಅದು. ಗ್ರೀಕಿನಲ್ಲಿ ಖಮೈ ಅಂದರೆ ನೆಲ, ಮೇಲೊನ್ ಅಂದರೆ ಸೇಬು. ನೆಲದ ಸೇಬು. ಸ್ಪ್ಯಾನಿಷಿನಲ್ಲಿ ಮಂಸಾನಿಯಾ, ಪುಟ್ಟ ಸೇಬು. ಹಾಗಾಗಿ ನಿಮ್ಮ ಪೊಟ್ಟಣ ತೆರೆದಾಗ ಸೇಬಿನ ನೆನಪೇ ಬರದಿದ್ದರೆ ಪುಡಿ ಹಳೆಯದು ಅಂತಲೇ ನಾನು ಹೇಳುವುದು.

ಅಂದ ಹಾಗೆ, ಎರಡು ಜಾತಿ ಇವೆ. ಜರ್ಮನ್ ಕ್ಯಾಮೊಮೈಲ್, ರೋಮನ್ ಕ್ಯಾಮೊಮೈಲ್. ಕುಡಿಯಲು ಹೆಚ್ಚಾಗಿ ಸಿಗುವುದು ಜರ್ಮನ್. ರೋಮನ್ ಇನ್ನೂ ಕಹಿ. ಇಡೀ ಹೂವು ಸಿಕ್ಕಿದರೆ ನಡುವಿನ ಹಳದಿ ಗುಬುಟನ್ನು ಉಗುರಿನಲ್ಲಿ ಉದ್ದಕ್ಕೆ ಸೀಳಿ. ಒಳಗೆ ಟೊಳ್ಳಿದ್ದರೆ ಜರ್ಮನ್, ಗಟ್ಟಿ ಇದ್ದರೆ ರೋಮನ್. ಪುಡಿಯಲ್ಲಿ ಈ ಪರೀಕ್ಷೆ ಮಾಡಲು ಬರುವುದಿಲ್ಲ, ಪುಡಿ ಬೇಡ ಅನ್ನಲು ನನಗೆ ಇದೂ ಒಂದು ಕಾರಣ.

ಮಚ್ಚಿ ಮನೆ:
ಪುಡಿ ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲೇ ಆಗಾಗ ಹತ್ತು ಗ್ರಾಂ ಪುಡಿ ಮಾಡಿಕೊಂಡರೆ ಪುಡಿಯಷ್ಟು ಬೇಗ, ಪುಡಿಯಷ್ಟು ಕಡಿಮೆ ಖರ್ಚಿನಲ್ಲಿ ಯಾವುದೂ ಆಗುವುದಿಲ್ಲ. ಮೂರು ಗ್ರಾಂ ಹೂವು ಕೊಡುವ ರುಚಿಯನ್ನು ಒಂದೂವರೆ ಗ್ರಾಂ ಪುಡಿ ಕೊಡುತ್ತದೆ, ಇದು ನಮ್ಮ ಮನೆ ತಕ್ಕಡಿ ಲೆಕ್ಕ. ತಪ್ಪು ಇರುವುದು ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂತ ಪುಡಿಯಲ್ಲಿ.

ರೈನ್ ದಂಡೆ:
ಮನೆಯಲ್ಲಿ ಮಾಡಿದ್ದಕ್ಕೆ ನನ್ನ ತಕರಾರಿಲ್ಲ.

ಚೀಟಿ ಓದುವವನು:
ಕರಗುವ ಪುಡಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಹೂವಿನ ಪುಡಿ ಅಲ್ಲವೇ ಅಲ್ಲ. ಹೂವಿನ ರಸ ತೆಗೆದು, ಅದನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುತ್ತಾರೆ. ಒಣಗಿ ಪುಡಿಯಾಗಲು ಆಸರೆ ಬೇಕು, ಅದಕ್ಕೆ ಮಾಲ್ಟೋಡೆಕ್ಸ್‌ಟ್ರಿನ್ ಸೇರಿಸುತ್ತಾರೆ. ಪಿಷ್ಟದಿಂದ ಮಾಡಿದ್ದು. ಪೊಟ್ಟಣದ ಹಿಂದೆ ಸಾಮಾನಿನ ಪಟ್ಟಿ ಇರುತ್ತದೆ, ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು, ನಿಯಮ ಇರುವುದೇ ಹಾಗೆ. ಮೊದಲ ಹೆಸರು ಸಕ್ಕರೆ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಆಗಿದ್ದು ಕ್ಯಾಮೊಮೈಲ್ ಕೊನೆಯಲ್ಲಿ ಇದ್ದರೆ ನೀವು ಕೊಂಡದ್ದು ಸಿಹಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಇದು ಮುಖ್ಯ, ಮಾಲ್ಟೋಡೆಕ್ಸ್‌ಟ್ರಿನ್ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಇನ್ನೂ ಒಂದು. ಕ್ಯಾಮೊಮೈಲ್ ಗ್ರೀನ್ ಟೀ ಅಂತ ಬರೆದ ಡಬ್ಬಗಳು ಬೇಕಾದಷ್ಟಿವೆ. ಚಿತ್ರದಲ್ಲಿ ಬಿಳಿ ಹೂವು ದೊಡ್ಡದಾಗಿರುತ್ತದೆ, ಒಳಗೆ ಮುಕ್ಕಾಲು ಪಾಲು ಟೀ ಎಲೆ. ಕ್ಯಾಮೊಮೈಲ್ ಹೂವಿನಲ್ಲಿ ಕೆಫೀನ್ ಇಲ್ಲ, ಗ್ರೀನ್ ಟೀಯಲ್ಲಿ ಇದೆ. ನಿದ್ದೆಗಾಗಿ ತಂದು ರಾತ್ರಿ ಅದನ್ನೇ ಕುಡಿಯುವವರನ್ನು ನೋಡಿದ್ದೇನೆ.

ಕಿಟಕಿ ಪಕ್ಕ:
ನೋಡಿದೆ. ಮೊದಲ ಹೆಸರು ಸಕ್ಕರೆ, ಎರಡನೆಯದು ಮಾಲ್ಟೋಡೆಕ್ಸ್‌ಟ್ರಿನ್. ಅಮ್ಮನಿಗೆ ಸಕ್ಕರೆ ಕಾಯಿಲೆ ಶುರುವಿನ ಹಂತದಲ್ಲಿದೆ. ಆ ಪೊಟ್ಟಣ ಇನ್ನು ಮನೆಯಲ್ಲಿ ಬೇಡ. ತುಂಬಾ ಥ್ಯಾಂಕ್ಸ್.

ಮಾತ್ರೆ ಡಬ್ಬಿ (ಫಾರ್ಮಸಿಸ್ಟ್, ಧಾರವಾಡ):
ಮುಂದೆ ಹೋಗುವ ಮೊದಲು ನಾಲ್ಕು ಮಾತು, ದಯವಿಟ್ಟು ಓದಿ.

ಕ್ಯಾಮೊಮೈಲ್ ಸೇವಂತಿಗೆ, ಸೂರ್ಯಕಾಂತಿ ಕುಟುಂಬದ್ದು. ನಮ್ಮ ರಸ್ತೆ ಬದಿಯ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ಅದೂ ಇದೇ ಕುಟುಂಬ. ಆ ಗಿಡದಿಂದ ಕುತ್ತಿಗೆ, ಕಣ್ಣಿನ ರೆಪ್ಪೆ, ಮೊಣಕೈ ಸಂದಿಯಲ್ಲಿ ತುರಿಕೆ ಬರುವ ಜನ ನಮ್ಮ ಕಡೆ ತುಂಬಾ ಇದ್ದಾರೆ. ಅಂಥವರಿಗೆ ಕ್ಯಾಮೊಮೈಲ್ ಕೂಡ ಅಲರ್ಜಿ ತರಬಹುದು. ವಿದೇಶದ ಲೇಖನಗಳಲ್ಲಿ ರ‍್ಯಾಗ್‌ವೀಡ್ (ಇದೇ ಕುಟುಂಬದ ಅಲ್ಲಿನ ಕಳೆ) ಅಲರ್ಜಿ ಇರುವವರು ಎಚ್ಚರ ಅಂತ ಬರೆದಿರುತ್ತಾರೆ, ನಮ್ಮವರು ಅದು ನಮಗಲ್ಲ ಅಂದುಕೊಂಡು ಮುಂದೆ ಹೋಗುತ್ತಾರೆ. ನಮ್ಮ ಲೆಕ್ಕಕ್ಕೆ ಪಾರ್ಥೇನಿಯಂ ಅಂತ ಓದಿಕೊಳ್ಳಿ. ಪುಡಿ ಮಾಡುವಾಗ ಏಳುವ ಧೂಳಿನಲ್ಲಿ ಪರಾಗವೂ ಇರುತ್ತದೆ. ಮಿಕ್ಸಿ ಮುಚ್ಚಳ ತಕ್ಷಣ ತೆಗೆಯಬೇಡಿ, ಐದು ನಿಮಿಷ ಧೂಳು ಕೂರಲಿ.

ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ದಿನವೂ ಕುಡಿಯಬೇಡಿ. ಗರ್ಭಿಣಿಯರೂ ಕೇಳಿಯೇ ಕುಡಿಯಿರಿ. ಜೇಷ್ಠಮಧು ಇರುವ ಮಿಶ್ರಣ ದಿನವೂ ಜಾಸ್ತಿ ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಇರುವ ಹಿರಿಯರಿಗೆ ನಾನಂತೂ ಅದನ್ನು ಕೊಡುವುದಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನು ಹಾಕಿದ ಯಾವುದನ್ನೂ ಕೊಡಬೇಡಿ.

ರಕ್ತಹೀನತೆ ಇರುವವರು ಊಟದ ಜೊತೆ ಕುಡಿಯಬೇಡಿ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಮೊಮೈಲ್ ಕಬ್ಬಿಣಾಂಶ ಹೀರುವುದನ್ನು 47 ಶೇಕಡಾ ತಗ್ಗಿಸಿತ್ತು. ಕಪ್ಪು ಟೀ ತಗ್ಗಿಸಿದ್ದು 79ರಿಂದ 94 ಶೇಕಡಾ, ಅದಕ್ಕೆ ಹೋಲಿಸಿದರೆ ಕಡಿಮೆ, ಆದರೂ ಊಟ ಆಗಿ ಒಂದೆರಡು ಗಂಟೆ ಬಿಟ್ಟು ಕುಡಿದರೆ ಒಳ್ಳೆಯದು.

ಕಿಟಕಿ ಪಕ್ಕ:
ಅಮ್ಮನಿಗೆ ಬಿಪಿ ಮಾತ್ರೆ ಇದೆ. ವಾರ್ಫರಿನ್ ಇಲ್ಲ, ಅಲರ್ಜಿ ಇಲ್ಲ. ಹಾಗಾದರೆ ಜೇಷ್ಠಮಧು ಇರುವ ಮೊದಲ ಪೊಟ್ಟಣವೂ ಅವರಿಗೆ ಬೇಡ ಅಂತಾಯಿತು. ಇಡೀ ಹೂವು 50 ಗ್ರಾಂ ತರಿಸಿದ್ದೇನೆ, ನಾನೇ ಮಿಶ್ರಣ ಮಾಡುತ್ತೇನೆ. ಮಾತ್ರೆಗಳ ಬಗ್ಗೆ ನಮ್ಮ ಡಾಕ್ಟರನ್ನೂ ಕೇಳುತ್ತೇನೆ.

ಮೂರು ಲೋಟ (ಮೈಸೂರು):
ನೀರಿನ ಬಿಸಿ ಎಷ್ಟಿರಬೇಕು ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿನ್ನೆ ಭಾನುವಾರ, ಕೂತು ನೋಡಿಯೇ ಬಿಡೋಣ ಅಂತ ಮಾಡಿದೆ. ಟೀ ರುಚಿ ನೋಡಲು ಐಎಸ್ಒ 3103 ಅಂತ ಒಂದು ಅಂತರರಾಷ್ಟ್ರೀಯ ಕ್ರಮ ಇದೆ, 100 ಮಿಲಿ ನೀರಿಗೆ 2 ಗ್ರಾಂ, 6 ನಿಮಿಷ. ಅದು ಟೀ ಎಲೆಗೆ, ಆದರೆ ಅದರ ತಿರುಳು ಎಲ್ಲಕ್ಕೂ ಆಗುತ್ತದೆ: ಎಲ್ಲ ಲೋಟಕ್ಕೂ ಒಂದೇ ತೂಕ, ಒಂದೇ ನೀರು, ಬದಲಾಗುವುದು ಒಂದೇ ಸಂಗತಿ.

ಒಂದೂವರೆ ಗ್ರಾಂ ಪುಡಿ, 150 ಮಿಲಿ ನೀರು, ಮೂರು ಲೋಟ, ಮೂರಕ್ಕೂ ತಟ್ಟೆ. ಮೊದಲನೆಯದಕ್ಕೆ ಈಗಷ್ಟೇ ಕುದಿ ನಿಂತ ನೀರು, ಎರಡು ನಿಮಿಷ. ಎರಡನೆಯದಕ್ಕೆ 80 ಡಿಗ್ರಿಗೆ ಆರಿದ ನೀರು, ಮೂರು ನಿಮಿಷ. ಮೂರನೆಯದಕ್ಕೆ ಕುದಿ ನಿಂತ ನೀರು, ಆರು ನಿಮಿಷ. ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಆರಿಸಿ, ಚಮಚದಲ್ಲಿ ತೆಗೆದು ಸೊರ್ ಅಂತ ಎಳೆದು ಕುಡಿದೆ. ಸದ್ದು ಮಾಡಿ ಎಳೆದರೆ ಗಾಳಿ ಸೇರಿ ಪರಿಮಳ ಬಾಯಿಂದ ಮೂಗಿಗೆ ಏರುತ್ತದೆ. ಮನೆಯವರಿಗೆ ಯಾವುದು ಯಾವುದು ಅಂತ ಹೇಳಲಿಲ್ಲ.

ಮೊದಲನೆಯದು ಮೂವರಿಗೂ ಇಷ್ಟವಾಯಿತು. ಮೂಗಿಗೆ ಸೇಬು, ಬಾಯಲ್ಲಿ ಜೇನಿನ ನೆನಪು, ಕೊನೆಗೆ ಒಂದು ಎಳೆ ಕಹಿ. ಎರಡನೆಯದು ಮೆತ್ತಗಿತ್ತು, ಸಿಹಿ ಅನ್ನಿಸಿತು, ಆದರೆ ತುಂಬಿದ ರುಚಿ ಇಲ್ಲ. ನನ್ನ ಮಗಳು ಅದನ್ನೇ ಆರಿಸಿದಳು ಮೊದಲು, ಮತ್ತೆ ಬದಲಾಯಿಸಿದಳು. ಮೂರನೆಯದು ಬಣ್ಣದಲ್ಲಿ ಎಲ್ಲಕ್ಕಿಂತ ಚೆಂದ, ಹೊನ್ನಿನ ಬಣ್ಣ, ಬಾಯಿಗೆ ಇಟ್ಟರೆ ಒಣಹುಲ್ಲು ಮತ್ತು ಒಗರು. ಬಣ್ಣ ನೋಡಿ ಇನ್ನೂ ಆಗಿಲ್ಲ ಅಂತ ಕಾಯುವುದೇ ಎಲ್ಲರೂ ಮಾಡುವ ತಪ್ಪು ಅಂತ ನನಗೆ ಅನ್ನಿಸುತ್ತದೆ.

ಬೆಂಗಳೂರು, ಮೈಸೂರಿನ ಎತ್ತರದಲ್ಲಿ ನೀರು ಕುದಿಯುವುದೇ 97 ಡಿಗ್ರಿ ಆಸುಪಾಸು. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಹಾಗಾಗಿ ಥರ್ಮಾಮೀಟರ್ ಇಲ್ಲ ಅಂತ ತಲೆಕೆಡಿಸಿಕೊಳ್ಳಬೇಡಿ. ಗುಳ್ಳೆ ಏಳುವುದು ನಿಲ್ಲಲಿ, ಹಾಕಿ, ಮುಚ್ಚಿ.

ಹಿತ್ತಾಳೆ ಫಿಲ್ಟರ್:
ಯಾವ ನೀರು ಬಳಸಿದಿರಿ? ನಮ್ಮಲ್ಲಿ ಬೋರ್‌ವೆಲ್ ನೀರು, ತುಂಬಾ ಗಡಸು, ಪಾತ್ರೆ ತಳ ಬೆಳ್ಳಗೆ ಕಟ್ಟುತ್ತದೆ. ಅದರಲ್ಲಿ ಮಾಡಿದರೆ ಮೇಲೆ ತೆಳ್ಳನೆ ಕೆನೆಯ ಹಾಗೆ ಕಟ್ಟುತ್ತದೆ, ರುಚಿ ಮಂಕು. ಕಾವೇರಿ ನೀರು ಬಂದ ದಿನ ಅದೇ ಪುಡಿ ಬೇರೆಯೇ ಪುಡಿ ಅನ್ನುವಷ್ಟು ಚೆನ್ನಾಗಿ ಬರುತ್ತದೆ.

ಮೂರು ಲೋಟ:
ಫಿಲ್ಟರ್ ಮಾಡಿದ ನೀರು. ಗಡಸು ನೀರಾದರೆ ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ ಹಾಕಿ ನೋಡಿ, ಬಣ್ಣ ತಿಳಿಯಾಗುತ್ತದೆ, ರುಚಿಯೂ ಏಳುತ್ತದೆ.

ಹಳ್ಳದ ದಂಡೆ:
ಈಗ ಮಿಶ್ರಣದ ಮಾತಿಗೆ ಬರೋಣ, ನನಗೆ ಇಷ್ಟದ ವಿಷಯ ಇದು.

ಕ್ಯಾಮೊಮೈಲ್ ಮೆದು ಸ್ವಭಾವದ್ದು. ಜೋರು ಮಾತಿನವರ ಪಕ್ಕ ಕೂರಿಸಿದರೆ ಅದರ ದನಿ ಕೇಳುವುದೇ ಇಲ್ಲ. ತುಳಸಿ ಜೋರು. ಲವಂಗ ಇನ್ನೂ ಜೋರು. ಒಣಶುಂಠಿ ಚಿಟಿಕೆ ಜಾಸ್ತಿ ಆದರೂ ಅದು ಶುಂಠಿ ಕಷಾಯವೇ. ಪುದೀನಾ ಒಳ್ಳೆಯ ಜೊತೆ ಅಂತ ತುಂಬಾ ಜನ ಹೇಳುತ್ತಾರೆ, ನನಗೆ ಹಿಡಿಸಲಿಲ್ಲ, ಬಾಯಿ ತಣ್ಣಗಾಗಿ ಸೇಬಿನ ಘಮ ಸಿಗುವುದೇ ಇಲ್ಲ. ಲ್ಯಾವೆಂಡರ್ ಹಾಕಿದ್ದನ್ನು ಒಮ್ಮೆ ಕುಡಿದೆ, ಸ್ನಾನದ ಸೋಪಿನ ನೆನಪಾಗಿ ಮುಂದಕ್ಕೆ ಕುಡಿಯಲು ಆಗಲಿಲ್ಲ.

ಹೊಂದುವುದು ಬಡೆಸೋಪು. ಅದರ ಸಿಹಿ ಕಹಿಯನ್ನು ಮುಚ್ಚುತ್ತದೆ, ಸಕ್ಕರೆ ಬೇಡವೇ ಬೇಡ. ಏಲಕ್ಕಿ ಸ್ವಲ್ಪವೇ, ಹೆಚ್ಚು ಬೇಡ. ಒಣಗಿಸಿದ ಮಜ್ಜಿಗೆಹುಲ್ಲು ಸ್ವಲ್ಪ. ನಾಟಿ ಗುಲಾಬಿ ಎಸಳು ನೆರಳಲ್ಲಿ ಒಣಗಿಸಿದ್ದು ಇದ್ದರೆ ಒಂದು ಚಿಟಿಕೆ. ನನ್ನ ಅಳತೆ ತೂಕದಲ್ಲಿ: ಕ್ಯಾಮೊಮೈಲ್ 10 ಗ್ರಾಂ, ಬಡೆಸೋಪು 3 ಗ್ರಾಂ, ಮಜ್ಜಿಗೆಹುಲ್ಲು 2 ಗ್ರಾಂ, ನಾಲ್ಕು ಏಲಕ್ಕಿಯ ಕಾಳು. ಬಡೆಸೋಪನ್ನು ಬಾಣಲೆ ಬಿಸಿಗೆ ತೋರಿಸಿ ತೆಗೆದು, ಪೂರ್ತಿ ಆರಿದ ಮೇಲೆ ಏಲಕ್ಕಿ ಜೊತೆ ಕುಟ್ಟಾಣಿಯಲ್ಲಿ ಕುಟ್ಟಿ. ಹೂವನ್ನು ಬಿಸಿ ಮಾಡಬೇಡಿ, ಬಿಸಿಲಿಗೂ ಇಡಬೇಡಿ. ಕೊನೆಯಲ್ಲಿ ಮಿಕ್ಸಿಗೆ ಹಾಕಿ ಒಂದು ಸುತ್ತು, ನಿಲ್ಲಿಸಿ, ಇನ್ನೊಂದು ಸುತ್ತು. ಒಂದೇ ಸಮ ಓಡಿಸಿದರೆ ಜಾರು ಬಿಸಿಯಾಗಿ ಎಣ್ಣೆ ಹಾರುತ್ತದೆ. ಒಂದು ಲೋಟಕ್ಕೆ 2 ಗ್ರಾಂ.

ಬಿಸಿ ಬಿಸಿ ಇರುವಾಗ ಘಮ ಗೊತ್ತಾಗುತ್ತದೆ, ಉಗುರುಬೆಚ್ಚಗೆ ಆದಾಗ ಸಿಹಿ ಗೊತ್ತಾಗುತ್ತದೆ. ನಿಧಾನಕ್ಕೆ ಕುಡಿಯಿರಿ.

ರೈನ್ ದಂಡೆ:
ಬಡೆಸೋಪಿನ ಮಾತು ಓದಿ ಖುಷಿ ಆಯಿತು. ಇಲ್ಲಿ ಪ್ರತಿ ಅಂಗಡಿಯಲ್ಲೂ ಬಡೆಸೋಪು, ಆನಿಸ್, ಶಾಹಿ ಜೀರಿಗೆ ಸೇರಿಸಿದ ಕಷಾಯದ ಚೀಲ ಸಿಗುತ್ತದೆ. ಮಕ್ಕಳ ಹೊಟ್ಟೆಗೆ ಅಂತ ತರುತ್ತಾರೆ. ಮೊದಲ ಸಲ ಕುಡಿದಾಗ ಊರಿನ ಬಾಣಂತಿ ಕೋಣೆ ನೆನಪಾಗಿತ್ತು. ನಾನು ಆ ಚೀಲ ಒಂದು, ಕ್ಯಾಮೊಮೈಲ್ ಒಂದು ಒಟ್ಟಿಗೆ ಹಾಕುತ್ತೇನೆ.

ಹೂವು ಕೊಳ್ಳುವಾಗ ಒಂದು ವಿಷಯ. ಕ್ಯಾಮೊಮೈಲ್ ಹೊಲದಲ್ಲಿ ಕಳೆ ಬೆಳೆದು ಅದೂ ಕೊಯ್ಲಿನಲ್ಲಿ ಸೇರಿದರೆ ಪೈರೊಲಿಜಿಡಿನ್ ಆಲ್ಕಲಾಯ್ಡ್ ಅನ್ನುವ ಪದಾರ್ಥ ಬರುತ್ತದೆ, ಲಿವರಿಗೆ ಕೆಟ್ಟದ್ದು. 2013ರಲ್ಲಿ ಇಲ್ಲಿ ಅದರ ಬಗ್ಗೆ ದೊಡ್ಡ ಸುದ್ದಿ ಆಯಿತು, 2022ರ ಜುಲೈಯಿಂದ ಯುರೋಪಿನಲ್ಲಿ ಮಿತಿ ಜಾರಿಯಲ್ಲಿದೆ. ಇಡೀ ಹೂವಾದರೆ ಬೇರೆ ಎಲೆ, ಕಡ್ಡಿ ಬಂದದ್ದು ಕಣ್ಣಿಗೆ ಕಾಣುತ್ತದೆ. ಪುಡಿಯಲ್ಲಿ ಕಾಣುವುದಿಲ್ಲ.

ಬಾಲ್ಕನಿ ಕುಂಡ:
ನಮ್ಮಲ್ಲಿ ಸಿಗುವ ಹೂವು ಎಲ್ಲಿಂದ ಬರುತ್ತದೆ? ಇಲ್ಲೇ ಬೆಳೆಯಬಹುದಾ?

ಚೀಟಿ ಓದುವವನು:
ಪೊಟ್ಟಣ ನೋಡಿದರೆ ಈಜಿಪ್ಟ್ ಅಂತ ಬರೆದದ್ದು ತುಂಬಾ ಸಿಗುತ್ತದೆ, ನೈಲ್ ಪಕ್ಕದ ಫಯೂಮ್, ಬೆನಿ ಸುಎಫ್ ಕಡೆ ಬೆಳೆಯುತ್ತಾರೆ. ನಮ್ಮ ದೇಶದಲ್ಲೂ ಬೆಳೆಯುತ್ತಾರೆ, ಉತ್ತರದಲ್ಲಿ. ಔಷಧಿ, ಸುಗಂಧ ಗಿಡಗಳ ಸಂಶೋಧನೆ ಮಾಡುವ ಲಖನೌದ ಸಿಮ್ಯಾಪ್ ಸಂಸ್ಥೆ ವಲ್ಲರಿ ಅನ್ನುವ ತಳಿ ಬಿಟ್ಟಿದೆ. ಅವರದೇ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೂ ಇದೆ. ಯುನಾನಿ ಅಂಗಡಿಯಲ್ಲಿ ಬಾಬೂನಾ ಅಂತ ಕೇಳಿ, ಗುಲ್-ಎ-ಬಾಬೂನಾ ಅಂದರೆ ಇದೇ ಹೂವು.

ಮಚ್ಚಿ ಮನೆ:
ಕುಂಡದಲ್ಲಿ ಬರುತ್ತದೆ. ಚಳಿ ಬೆಳೆ, ಅಕ್ಟೋಬರ್ ಕೊನೆಯಲ್ಲಿ ಹಾಕಿ. ಬೀಜ ಧೂಳಿನಷ್ಟು ಸಣ್ಣ, ಸಾವಿರ ಬೀಜ ತೂಗಿದರೂ ಕಾಲು ಗ್ರಾಂ ಆಗುವುದಿಲ್ಲ. ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಮೇಲೆ ಉದುರಿಸಿ ಕೈಯಲ್ಲಿ ಒತ್ತಿ, ನೀರು ಹುಯ್ಯುವ ಬದಲು ಚಿಮುಕಿಸಿ. ನಾನು ಎರಡು ಕುಂಡದಿಂದ ಒಂದು ಹಂಗಾಮಿನಲ್ಲಿ ತೆಗೆದದ್ದು ಎರಡು ಹಿಡಿ ಹೂವು, ಅಷ್ಟೇ. ಆದರೆ ಆ ಎರಡು ಹಿಡಿಯ ಘಮ ಯಾವ ಪೊಟ್ಟಣದಲ್ಲೂ ನನಗೆ ಸಿಕ್ಕಿಲ್ಲ. ಬಿಳಿ ಎಸಳು ಅಡ್ಡಕ್ಕೆ ಹರಡಿದ ದಿನ ಬೆಳಿಗ್ಗೆ ಕೊಯ್ಯಿರಿ, ಎಸಳು ಕೆಳಗೆ ಬಾಗಿದರೆ ತಡವಾಯಿತು.

ಕಡಲ ಗಾಳಿ (ಕುಂದಾಪುರ):
ನಮ್ಮ ಕಡೆಯ ಸಮಸ್ಯೆ ಯಾರೂ ಹೇಳಲಿಲ್ಲ. ಮಳೆಗಾಲ. ಜೂನ್‌ನಲ್ಲಿ ತೆರೆದ ಪುಡಿ ಜುಲೈಯಲ್ಲಿ ಗಂಟು. ಕಳೆದ ವರ್ಷ ಡಬ್ಬ ತೆಗೆದರೆ ಪುಟ್ಟ ಕಂದು ಹುಳ ಓಡಾಡುತ್ತಿದ್ದವು. 100 ಗ್ರಾಂ ಪೂರ್ತಿ ಎಸೆದೆ, ಹೊಟ್ಟೆ ಉರಿಯಿತು.

ಹಳ್ಳದ ದಂಡೆ:
ಅದು ಕೊತ್ತಂಬರಿ ಬೀಜ, ಅರಿಶಿನಕ್ಕೂ ಬೀಳುವ ಹುಳ, ಒಣಹೂವು ಅದಕ್ಕೆ ಹಬ್ಬ. ಹೂವು ತಂದ ದಿನವೇ ಗಾಳಿ ಆಡದ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ನಾಲ್ಕೈದು ದಿನ ಇಡಿ. ಹೊರಗೆ ತೆಗೆದ ಮೇಲೆ ಚೀಲ ತೆರೆಯದೆ ಮನೆ ಬಿಸಿಗೆ ಬರಲು ಬಿಡಿ, ತಕ್ಷಣ ತೆರೆದರೆ ತೇವ ಹೂವಿನ ಮೇಲೆ ಕೂರುತ್ತದೆ. ಆಮೇಲೆ ಸ್ಟೀಲ್ ಡಬ್ಬ, ಒಲೆಯಿಂದ ದೂರ. ಗಾಜಿನ ಬಾಟಲಿ ಶೆಲ್ಫಿನಲ್ಲಿ ಚೆಂದ ಕಾಣುತ್ತದೆ, ಆದರೆ ಬೆಳಕು ಬಿದ್ದು ಬಣ್ಣ ಘಮ ಎರಡೂ ಹೋಗುತ್ತವೆ. ಪುಡಿ ಎರಡು ವಾರಕ್ಕಾಗುವಷ್ಟೇ ಮಾಡಿ.

ಒಬ್ಬ ಓದುಗ:
ಹಾಲಿನಲ್ಲಿ ಮಾಡಬಹುದಾ?

ಹಿತ್ತಾಳೆ ಫಿಲ್ಟರ್:
ಮಾಡಬಹುದು, ಚೆನ್ನಾಗಿರುತ್ತದೆ. ಹಾಲು ಕಾಯಿಸಿ ಒಲೆ ಆರಿಸಿ ಪುಡಿ ಹಾಕಿ, ನಾಲ್ಕು ನಿಮಿಷ ಮುಚ್ಚಿ, ನೀರಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಹಾಲಿನ ಕೊಬ್ಬು ಪರಿಮಳ ಹಿಡಿದುಕೊಳ್ಳುತ್ತದೆ, ಕಹಿಯೂ ಕಡಿಮೆ ಅನ್ನಿಸುತ್ತದೆ. ಬೆಲ್ಲ ಹಾಕುವುದಾದರೆ ಸೋಸಿದ ಮೇಲೆ, ಲೋಟದಲ್ಲಿ. ಒಲೆ ಮೇಲೆ ಕುದಿಯುವಾಗ ಹಾಕಿದರೆ ಹಾಲು ಒಡೆಯಬಹುದು.

ಮಾತ್ರೆ ಡಬ್ಬಿ:
ನಿದ್ದೆಯ ಬಗ್ಗೆ ಒಂದು ಮಾತು ಉಳಿದಿತ್ತು. ಜನ ಅದಕ್ಕಾಗಿಯೇ ತರುತ್ತಾರೆ, ಹಾಗಾಗಿ ನೇರವಾಗಿ ಹೇಳುವುದು ಒಳ್ಳೆಯದು. 2011ರಲ್ಲಿ ಅಮೆರಿಕದಲ್ಲಿ ನಿದ್ರಾಹೀನತೆಯ 34 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು, 270 ಮಿಲಿಗ್ರಾಂ ಕ್ಯಾಮೊಮೈಲ್ ಸಾರ ದಿನಕ್ಕೆ ಎರಡು ಸಲ, 28 ದಿನ. ನಿದ್ದೆಯ ಲೆಕ್ಕದಲ್ಲಿ ಔಷಧಿ ಇಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಿಗೂ ಇವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಪರೀಕ್ಷೆ ಅದು, ಆದರೂ ಇದನ್ನು ನಿದ್ದೆ ಮಾತ್ರೆ ಅಂತ ಕೊಳ್ಳಬೇಡಿ. ಕಾಫಿ ವಿಷಯ ಬೇರೆ. ಏಳು ಗಂಟೆಗೆ ಕುಡಿದ ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಅಂದರೆ ಮಧ್ಯರಾತ್ರಿಯಲ್ಲೂ ಅರ್ಧ ಮೈಯಲ್ಲೇ ಇರುತ್ತದೆ. ಆ ಲೋಟದ ಜಾಗಕ್ಕೆ ಕೆಫೀನ್ ಇಲ್ಲದ ಬಿಸಿ ಲೋಟ ಬಂದರೆ ಅದೇ ದೊಡ್ಡ ಲಾಭ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ತೋರಿಸಿ.

ಕಿಟಕಿ ಪಕ್ಕ:
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಡಾಕ್ಟರ್ ಒಂದು ಲೋಟಕ್ಕೆ ಅಡ್ಡಿ ಇಲ್ಲ ಅಂದರು. ಶಿರಸಿಯವರ ಅಳತೆಯಲ್ಲಿ ಮಾಡಿದೆ. ಮೊದಲ ಸಲ ಏಲಕ್ಕಿ ಜಾಸ್ತಿ ಆಗಿ ಪಾಯಸದ ವಾಸನೆ ಬಂತು, ಎರಡನೇ ಸಲ ಅರ್ಧ ಮಾಡಿದೆ. ಮಿಕ್ಸಿಯಲ್ಲಿ ಎರಡೇ ಸುತ್ತು, ರವೆ ಹದ. ಕುದಿ ನಿಂತ ನೀರು, ಎರಡೂವರೆ ನಿಮಿಷ, ಪಂಚೆ ಬಟ್ಟೆ. ತಟ್ಟೆಯ ಹನಿಗಳನ್ನು ಲೋಟಕ್ಕೇ ಬಗ್ಗಿಸಿದೆ. ಅಮ್ಮ ಮೊದಲು ಮೂಸಿ ನೋಡಿದರು, ಆಮೇಲೆ ಏನೂ ಮಾತಾಡದೆ ಪೂರ್ತಿ ಕುಡಿದರು. ಮಾರನೇ ದಿನ ಏಳು ಗಂಟೆಗೆ ಆ ಹೂವಿನದು ಮಾಡ್ತೀಯಾ ಅಂತ ಅವರೇ ಕೇಳಿದರು. ಕಾಫಿ ಈಗ ಬೆಳಿಗ್ಗೆ, ಮಧ್ಯಾಹ್ನ ಮಾತ್ರ.

ಒಂದೇ ಪ್ರಶ್ನೆ ಉಳಿದಿದೆ. ನಾನು ಕೆಲಸದಿಂದ ತಡವಾಗಿ ಬರುವ ದಿನ ಬೆಳಿಗ್ಗೆಯೇ ಮಾಡಿ ಫ್ಲಾಸ್ಕಿನಲ್ಲಿ ಇಡಬಹುದಾ?

ಮಚ್ಚಿ ಮನೆ:
ಬೆಳಿಗ್ಗೆಯದು ಸಂಜೆಗೆ ಬೇಡ, ಬಣ್ಣ ಕಂದಾಗಿ ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ. ಫ್ಲಾಸ್ಕಿನಲ್ಲಿ ಬರೀ ಕುದಿನೀರು ತುಂಬಿಡಿ, ಪುಡಿ 2 ಗ್ರಾಂ ಸಣ್ಣ ಡಬ್ಬಿಯಲ್ಲಿ ಪಕ್ಕದಲ್ಲಿಡಿ, ಜೊತೆಗೆ ಬಟ್ಟೆ. ಅಮ್ಮ ತಾವೇ ಲೋಟಕ್ಕೆ ಹಾಕಿ ಮುಚ್ಚಿಕೊಳ್ಳಲಿ. ಫ್ಲಾಸ್ಕ್ ನೀರು ಸಂಜೆಗೆ ಸ್ವಲ್ಪ ಆರಿರುತ್ತದೆ, ಅರ್ಧ ನಿಮಿಷ ಜಾಸ್ತಿ ಬಿಡಲು ಹೇಳಿ.

ಕಿಟಕಿ ಪಕ್ಕ:
ಸರಿ, ನಾಳೆಯೇ ಹಾಗೆ ಇಟ್ಟು ಹೋಗುತ್ತೇನೆ.